ಗಂಟೆಗೆ ಸುತ್ತಿದ ಟುವಾಲು

“ಸ್ವಾಮಿ, ಅಕ್ಕ ತೀರಿಕೊಂಡ ಮೇಲೆ ನಾನು ಸಂತೋಷವಾಗಿದ್ದರೆ ಅದು ಅವಳಿಗೆ ಮಾಡುವ ದ್ರೋಹವಲ್ಲವೇ?”

ಧರ್ಮೋಪದೇಶದ ತರಗತಿ ಮುಗಿದ ಮೇಲೆ ಜೆಸಿಂತಾ ಇಗರ್ಜಿಯ ಗುರುಗಳನ್ನು ಹೀಗೆ ಕೇಳಿದಳು. ಅವಳನ್ನು ಮೆಚ್ಚಿದ ಹುಡುಗನೊಬ್ಬ ಅವಳ ಉತ್ತರಕ್ಕಾಗಿ ಕಾಯುತ್ತಿದ್ದಾನೆಂಬುದು ಗುರುಗಳಿಗೆ ಗೊತ್ತಿತ್ತು. ಅದನ್ನು ಕೆದಕದೆ ಅವರು ಕತೆ ಹೇಳಿದರು.

ಕಡಲ ತೀರದಲ್ಲಿ ಒಂದು ಊರು. ಅಲ್ಲಿನ ಇಗರ್ಜಿಯಲ್ಲಿ ಗಂಟೆ ಬಾರಿಸುವವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಮೀನು ಹಿಡಿಯಲು ಕಡಲಿಗೆ ಹೋಗುತ್ತಿದ್ದ, ಹಾಗಾಗಿ ಅಪ್ಪನಿಗೆ ಕೈಲಾಗದಾದಾಗ ಗಂಟೆಯ ಹಗ್ಗ ಮಗಳ ಕೈಗೆ ಬಂತು. ಮಂಜು ಕವಿದ ಬೆಳಿಗ್ಗೆ ದೋಣಿಗಳು ಆ ಗಂಟೆಯ ಸದ್ದು ಹಿಡಿದೇ ದಡ ಸೇರುತ್ತಿದ್ದವು.

ಒಂದು ವರ್ಷ, ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸುಕಾಲದಲ್ಲಿ ಹುಡುಗಿಯ ಅಣ್ಣ ಕಡಲುಪಾಲಾದ. ಶುಭ ಶುಕ್ರವಾರ ಗಂಟೆ ಮೊಳಗಬಾರದೆಂದು ಅದರ ನಾಲಿಗೆಗೆ ಬಟ್ಟೆ ಸುತ್ತಿ, ಯೇಸು ಸಾವಿನಿಂದ ಎದ್ದು ಬಂದ ಈಸ್ಟರಿಗೆ ಬಿಚ್ಚುವುದು ಆ ಊರಿನ ಪದ್ಧತಿ. ಆ ವರ್ಷ ಅವಳು ಅಣ್ಣನ ಟುವಾಲನ್ನು ಸುತ್ತಿದಳು. ಈಸ್ಟರ್ ಬಂದರೂ ಬಿಚ್ಚಲಿಲ್ಲ.

“ನನ್ನ ಅಣ್ಣ ಎದ್ದು ಬರಲಿಲ್ಲವಲ್ಲ. ನನಗೆ ಯಾವ ಈಸ್ಟರ್?” ಎಂದಳು.

ಸಾವಿನ ಮನೆಗೆ ಬುದ್ಧಿ ಹೇಳುವವರು ಯಾರು? ಊರಿನವರು ಗಂಟೆಯ ಬದಲು ಅಲ್ಲಾಡಿಸುವ ಮರದ ಗಿಲಕಿಯ ಸದ್ದಿಗೇ ಪೂಜೆಗೆ ಬರತೊಡಗಿದರು. ಕರುಣೆಯ ಹೆಸರಿನಲ್ಲಿ ಮನುಷ್ಯರು ಎಷ್ಟು ಸೋಮಾರಿಗಳಾಗುತ್ತಾರೆ ನೋಡು!

ಅಣ್ಣನ ಗೆಳೆಯನಾಗಿದ್ದ ಒಬ್ಬ ಬೆಸ್ತರ ಹುಡುಗ ಮಾತ್ರ ಅವಳ ಬಳಿ ಬಂದ. “ನೀನೆಂದರೆ ನನಗೆ ಇಷ್ಟ. ಎಷ್ಟು ದಿನವಾದರೂ ಕಾಯುತ್ತೇನೆ, ಒಂದು ಮಾತು ಹೇಳು,” ಎಂದ.

“ಈ ಗಂಟೆ ಇನ್ನು ಯಾರ ಮದುವೆಗೂ ಮೊಳಗುವುದಿಲ್ಲ. ನೀನು ಹೋಗು,” ಎಂದಳು. ಅವಳಿಗೂ ಅವನ ಮೇಲೆ ಪ್ರೀತಿಯಿತ್ತು. ಆ ಪ್ರೀತಿಯಲ್ಲಿ ಅಣ್ಣನನ್ನು ಮರೆತುಬಿಡುವೆನೆಂಬುದೇ ಅವಳ ಭಯವಾಗಿತ್ತು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಆ ವರ್ಷದ ಮೊದಲ ಮಂಜು ಕಡಲನ್ನು ಮುಚ್ಚಿತು. ಆ ಹುಡುಗನ ದೋಣಿ ಇನ್ನೂ ಬಂದಿರಲಿಲ್ಲ. ದಡದ ಒಂದು ಬದಿಗೆ ಬರೀ ಬಂಡೆಗಳು. ಹೆಂಗಸರು ನೀರಿನಂಚಿಗೆ ನಿಂತು ಕೂಗಿದರು, ಅಲೆಯ ಸದ್ದಿನಲ್ಲಿ ಕೂಗು ಮುಳುಗಿಹೋಯಿತು.

ಹುಡುಗಿ ಓಡಿಹೋಗಿ ಗಂಟೆಗೋಪುರ ಹತ್ತಿದಳು. ಟುವಾಲಿನ ಗಂಟು ಉಪ್ಪುಗಾಳಿಗೆ ಬಿಗಿದುಹೋಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. “ದೇವರೇ, ನಿನ್ನ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಆದರೆ ಇವನನ್ನೂ ಕಡಲಿಗೆ ಕೊಡಲಾರೆ,” ಎಂದು ಹಗ್ಗ ಜಗ್ಗಿದಳು. ಹಗ್ಗಕ್ಕೆ ಅಂಗೈ ಸುಲಿಯಿತು. ರಕ್ತ ಬಂತು. ಅವಳು ನಿಲ್ಲಿಸಲಿಲ್ಲ. ದೋಣಿ ಸದ್ದಿನ ಜಾಡು ಹಿಡಿದು, ಬಂಡೆಗಳನ್ನು ತಪ್ಪಿಸಿ, ಮರಳಿಗೆ ಬಂದು ತಾಗಿತು.

ಕತೆ ಮುಗಿಯಿತೆಂಬಂತೆ ಗುರುಗಳು ಎದ್ದರು. ಜೆಸಿಂತಾಳಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಅಣ್ಣನ ಟುವಾಲನ್ನು ಎಸೆದುಬಿಟ್ಟಳೇ, ಸ್ವಾಮಿ?”

“ಎಸೆಯುವುದೇ? ಸುಲಿದ ಕೈಗೆ ಅದನ್ನೇ ಸುತ್ತಿಕೊಂಡಳು ಮಗಳೇ, ಅದಕ್ಕೇ ಗಂಟೆ ನಿಲ್ಲಲಿಲ್ಲ.”