ಸರ್ವರ್ ಬರೆದುಕೊಳ್ಳುವ ಹೆಸರು

ನನ್ನ ಹಳೆಯ ಡೈರಿಯಲ್ಲಿ ೨೦೦೬ರ ಜೂನ್ ೧೨ರ ಪುಟದಲ್ಲಿದೆ ಈ ಸಂಗತಿ. ನಮ್ಮ ಕಾಲೇಜಿನ ಪ್ರಾಂಶುಪಾಲ ಹಾಲಪ್ಪನವರ ಭಾಮೈದನ ಮಗ ಪರೀಕ್ಷೆಯಲ್ಲಿ ಫೇಲಾಗಿದ್ದ. ಅವರು ನೇರವಾಗಿ ಪರೀಕ್ಷಾ ವಿಭಾಗದ ಹಂಗಾಮಿ ಗುಮಾಸ್ತೆಯ ಮುಂದೆ ಬಂದು ನಿಂತರು.

"ಅಂಕಗಳ ಸರ್ವರಿನ ಪಾಸ್‌ವರ್ಡ್ ಕೊಡಮ್ಮ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಅದಕ್ಕೆ ಬೇರೆ ಪಾಸ್‌ವರ್ಡೇ ಇಲ್ಲ ಸಾರ್. ಕಂಪ್ಯೂಟರಿಗೆ ಲಾಗಿನ್ ಆದವರನ್ನ ಸರ್ವರ್ ತಾನೇ ಒಳಗೆ ಬಿಡುತ್ತೆ."

"ಹಾಗಾದ್ರೆ ಏಳು, ನಾನೇ ತಿದ್ದುತೀನಿ!"

ಆಕೆ ತನ್ನ ಲಾಗಿನ್ ಮುಚ್ಚಿ, ವಿನಯದಿಂದ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ನಿಮ್ಮ ಹೆಸರಲ್ಲೇ ಲಾಗಿನ್ ಆಗಿ ಸಾರ್. ತಿದ್ದಿದ ಪ್ರತಿ ಅಂಕದ ಪಕ್ಕ ಸರ್ವರ್ ನಿಮ್ಮ ಹೆಸರನ್ನೇ ಬರೆದುಕೊಳ್ಳುತ್ತೆ. ಅಂಥ ದೊಡ್ಡ ಜಾಗದಲ್ಲಿ ನನ್ನಂಥವಳ ಹೆಸರು ಯಾಕೆ?"

ಕೀಲಿಮಣೆಯತ್ತ ಹೊರಟಿದ್ದ ಬೆರಳು ಹಿಂದಿರುಗಿ ಕನ್ನಡಕ ಸರಿಪಡಿಸಿತು.

"ಇರಲಿ ಬಿಡು, ಹುಡುಗ ಇನ್ನೊಮ್ಮೆ ಓದಲಿ."

ಕೊನೆಗೆ ಇದರಿಂದ ಆದ ನಷ್ಟ ಇಷ್ಟೇ: ಹುಡುಗನಿಗೆ ಮರುಪರೀಕ್ಷೆಯವರೆಗಿನ ಆರು ತಿಂಗಳು, ಗುಮಾಸ್ತೆಗೆ ಮತ್ತೆ ಲಾಗಿನ್ ಆಗಲು ಅರ್ಧ ನಿಮಿಷ.