ರಾಣಿಯ ಮೂರು ಪ್ರಶ್ನೆ, ಮದವೇರಿದ ಆನೆ

ಕರಿಗಲ್ಲು ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವಳು ರಾಣಿ ದೇವಾಜಮ್ಮಣ್ಣಿ. ಅಲ್ಲಿ ಮಾವುತರನ್ನು ರಾಣಿಯೇ ಆರಿಸಬೇಕು, ಅದು ಪದ್ಧತಿ. ಬಂದವನಿಗೆ ಮೂರೇ ಪ್ರಶ್ನೆ. ಯಾರ ಹತ್ತಿರ ಕಲಿತೆ? ನೀನು ಸಾಕಿದ ಆನೆ ಈಗ ಎಲ್ಲಿದೆ? ನಿನ್ನ ಕೈಲಿ ಆಗದ್ದು ಯಾವುದು? ಆಕೆ ಆರಿಸಿದ ಒಬ್ಬ ಮಾವುತನೂ ಆನೆಯ ಕಾಲಿಗೆ ಸಿಕ್ಕಿರಲಿಲ್ಲ. ರಾಣಿಗೆ ಆ ಹೆಮ್ಮೆ ಇತ್ತು. ಇರಬೇಕಾದ್ದೇ.

ಹೀಗಿರುವಾಗ ರಾಣಿಯ ಎದೆಯಲ್ಲಿ ಗಂಟು ಕಾಣಿಸಿತು. ನಾವೀಗ ಕ್ಯಾನ್ಸರ್ ಅನ್ನುತ್ತೇವಲ್ಲ, ಅದೇ. ಅರಮನೆಯ ವೈದ್ಯ ಗಂಟನ್ನು ಕೊಯ್ದು ತೆಗೆದ. ಬೇರು ಉಳಿಯಬಾರದೆಂದು ಕಷಾಯ ಕೊಟ್ಟ. ಕುಡಿದರೆ ವಾಂತಿ. ಕೂದಲು ಉದುರಿತು. ನಿದ್ದೆ ಹಾರಿಹೋಯಿತು.

"ಕಷಾಯ ಬಿಟ್ಟರೆ ಗಂಟು ಮರಳುತ್ತದೆ, ತಾಯಿ. ಆಮೇಲೆ ನನ್ನ ಕೈಲಿಲ್ಲ," ಅಂದ ವೈದ್ಯ.

"ಕುಡಿಯುತ್ತೇನೆ. ಆದರೆ ಒಂದಿಷ್ಟು ನಿದ್ದೆ ಬರಿಸುವವರು ಬೇಕು," ಅಂದಳು ರಾಣಿ. ಡಂಗುರ ಹೊಡೆಸಿದಳು. ಮೂವರು ಬಂದರು.

ಮೊದಲನೆಯವನು ಜಟೆಯವನು.

"ಯಾರ ಹತ್ತಿರ ಕಲಿತೆ?"

"ಕನಸಿನಲ್ಲಿ ಋಷಿಯೊಬ್ಬರು ಬಂದು ಕಲಿಸಿದರು, ಮಹಾರಾಣಿ."

"ಸರಿ. ಚಿಕಿತ್ಸೆಯನ್ನೂ ಕನಸಿನಲ್ಲೇ ಬಂದು ಮಾಡು. ನಿದ್ದೆ ಬಂದಾಗ ಹೇಳಿ ಕಳಿಸುತ್ತೇನೆ."

ಎರಡನೆಯವನು ರೇಷ್ಮೆ ಶಾಲಿನವನು. ಗುರುವಿನ ಹೆಸರು ಹೇಳಿದ. ತನ್ನಿಂದ ವಾಸಿಯಾದವರೆಲ್ಲ ದೂರದೇಶದಲ್ಲಿದ್ದಾರೆ ಅಂದ. ಮಾತೆಂದರೆ ಜೇನು.

"ಆ ವಿಷ ಬಿಸಾಕಿ, ತಾಯಿ. ನನ್ನ ಎಣ್ಣೆ ಸಾಕು. ವಾಂತಿಯಿಲ್ಲ, ಸಂಕಟವಿಲ್ಲ."

ಕಷಾಯದ ಬಟ್ಟಲು ರಾಣಿಯ ಕೈಯಲ್ಲೇ ಇತ್ತು. ವಾಸನೆಗೇ ಮುಖ ತಿರುಗಿಸಿದಳು. ಬಟ್ಟಲು ಕೆಳಗಿಡಲು ಬಗ್ಗಿದಳು. ಅರ್ಧಕ್ಕೇ ನಿಂತಳು.

"ನಿನ್ನ ಕೈಲಿ ಆಗದ್ದು ಯಾವುದು?"

"ನನ್ನ ಎಣ್ಣೆಗೆ ಬಗ್ಗದ್ದು ಯಾವುದೂ ಇಲ್ಲ!"

"ಭೇಷ್! ಪಟ್ಟದಾನೆಗೆ ಮದವೇರಿದೆ. ನಮ್ಮ ಮಾವುತರು ಕೈಲಾಗದು ಎಂದು ದೂರ ನಿಂತಿದ್ದಾರೆ, ಪಾಪ. ಹೋಗಿ ಅದರ ಹಣೆಗೆ ಒಂದಿಷ್ಟು ಹಚ್ಚಿ ಬಾ."

ಲಾಯದಲ್ಲಿ ಆನೆ ಘೀಳಿಟ್ಟಿತು. ಶಾಲು ನೆಲದ ಮೇಲಿತ್ತು. ಶಾಲಿನವನು ಕೋಟೆ ಬಾಗಿಲು ದಾಟಿದ್ದ. ರಾಣಿ ಮೂಗು ಹಿಡಿದು ಕಷಾಯ ಕುಡಿದಳು.

ಮೂರನೆಯವಳು ಗುರುಸಿದ್ದವ್ವ. ಬಾಣಂತಿಯರಿಗೆ ಎಣ್ಣೆ ನೀವುವುದನ್ನು ಅತ್ತೆಯಿಂದ ಕಲಿತವಳು.

"ನೀನು ಆರೈಕೆ ಮಾಡಿದ ರೋಗಿಗಳು ಎಲ್ಲಿದ್ದಾರೆ?"

"ಇಬ್ಬರು ನಿಮ್ಮ ಪೇಟೆಯಲ್ಲೇ ಇದ್ದಾರೆ, ಕೇಳಿ ನೋಡಿ. ಇನ್ನೊಬ್ಬಳು ಉಳಿಯಲಿಲ್ಲ. ಆದರೆ ಕೊನೆಯವರೆಗೂ ನೆಮ್ಮದಿಯಾಗಿ ನಿದ್ದೆ ಮಾಡಿದಳು."

"ನಿನ್ನ ಕೈಲಿ ಆಗದ್ದು?"

"ಗಂಟು ಕರಗಿಸುವುದು, ತಾಯಿ. ಅದು ವೈದ್ಯರ ಕೆಲಸ. ಅವರನ್ನು ಕೇಳದೆ ನಿಮ್ಮ ಮೈಗೆ ಎಣ್ಣೆ ಮುಟ್ಟಿಸಲ್ಲ. ಗಾಯದ ಬದಿಗಂತೂ ಕೈ ಹಾಕಲ್ಲ."

ವೈದ್ಯ ಒಪ್ಪಿದ. ಗುರುಸಿದ್ದವ್ವ ಪಾದ ನೀವಿದಳು. ರಾಣಿ ಗೊರಕೆ ಹೊಡೆದಳು.

ಕಷಾಯದ ಕಾಲ ಮುಗಿಯಿತು. ಗಂಟು ಮರಳಲಿಲ್ಲ. ರಾಣಿ ಬೋಳುತಲೆಯ ಮೇಲೆ ಕಿರೀಟವಿಟ್ಟು, ಸೆರಗು ಬಿಗಿದು, ಆನೆಯೇರಿ ಪೇಟೆಗೆ ಬಂದಳು. ಬೀದಿಯವರೆಲ್ಲ ತಲೆ ಬಗ್ಗಿಸಿದರು. ಆಕೆ ಬಗ್ಗಿಸಲಿಲ್ಲ.

ನೀತಿ ಇಷ್ಟೇ, ಮಕ್ಕಳೇ. ಸಂಕಟಕ್ಕೆ ಆರೈಕೆ ಬೇಕಾದರೆ ಪಡೆಯಿರಿ. ವಿಚಾರಿಸಿ, ವೈದ್ಯರಿಗೆ ತಿಳಿಸಿ ಪಡೆಯಿರಿ. ತನ್ನ ಕೈಲಾಗದ್ದು ಏನೆಂದು ಬಲ್ಲವರಿಗೆ ಮಾತ್ರ ಆರೈಕೆ ಒಪ್ಪಿಸಿ. ಔಷಧಿ ಬಿಡು ಅನ್ನುವವನಿಗೆ ಆನೆ ಲಾಯದ ದಾರಿ ತೋರಿಸಿ.