ನೂರು ಗಂಟೆಯ ನೇರ ಗೆರೆ

"ಸರ್, ನೂರು ಗಂಟೆ ಆಯ್ತು. ಕರೆಂಟಿನ ಗ್ರಾಫಿನ ಗೆರೆ ಒಂಚೂರೂ ಬಗ್ಗಿಲ್ಲ. ನಮ್ಮ ವೇಗವರ್ಧಕ ಗಟ್ಟಿಯಾಗಿದೆ ಅಂತ ಬರೆದುಬಿಡಲಾ?" ಅಂತ ನಾಗವೇಣಿ ಕೇಳಿದಳು. ನಾಲ್ಕು ವರ್ಷದ ಸಂಶೋಧನೆ, ಸೋಮವಾರ ಪ್ರಬಂಧ ಒಪ್ಪಿಸಬೇಕಿತ್ತು. ಪರೀಕ್ಷೆ ಮುಗಿದ ಕ್ಷಾರದ ನೀರು ಬೀಕರಿನಲ್ಲಿತ್ತು. ಅದನ್ನು ಚೆಲ್ಲೋದಕ್ಕೆ ಸಿಂಕಿನ ಕಡೆ ಹೊರಟಿದ್ದಳು.

ಮೇಷ್ಟ್ರು ಬೀಕರನ್ನು ಇಸಿದುಕೊಂಡು ಮೇಜಿನ ಮೇಲಿಟ್ಟರು. ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಸಂಶೋಧಕ ಇದ್ದ. ಕರೆಂಟ್ ಕೊಟ್ಟು ನೀರನ್ನು ಒಡೆಯೋದು ಅವನ ಕೆಲಸ. ಒಂದು ಕಡೆ ಜಲಜನಕ ಸಲೀಸಾಗಿ ಬರುತ್ತದೆ. ಇನ್ನೊಂದು ಕಡೆ ಆಮ್ಲಜನಕ ಬರೋದಕ್ಕೆ ಸತಾಯಿಸುತ್ತದೆ. ಅದನ್ನು ಒಲಿಸಿಕೊಳ್ಳೋಕೆ ನಿಕ್ಕಲ್ಲು, ಕಬ್ಬಿಣ ಎರಡನ್ನೂ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ ಮಾಡಬೇಕು, ಅದೇ ವೇಗವರ್ಧಕ. ಬರೀ ನಿಕ್ಕಲ್ಲು ಹೆಣಗಾಡುತ್ತದೆ. ಜೊತೆಗೆ ಸ್ವಲ್ಪ ಕಬ್ಬಿಣ ಬಂದರೆ ಗುಳ್ಳೆ ಏಳುತ್ತದೆ.

ಪುಡಿ ಮಾಡುತ್ತಿದ್ದವಳು ಅವನ ಜೊತೆಗಾತಿ. ಎಂ.ಎಸ್ಸಿ. ಓದುವಾಗಿನಿಂದ ಇಬ್ಬರದೂ ಒಂದೇ ಬೆಂಚು. ಅವಳು ಮಾಡಿಕೊಡುವಳು, ಅವನು ಅಳೆಯುವನು. ಹನ್ನೊಂದು ವರ್ಷ ಹೀಗೇ ನಡೆಯಿತು.

ಹನ್ನೊಂದನೇ ವರ್ಷ ಅವಳು ಸೊರಗಿ ಇಳಿದುಹೋದಳು. ಕೈ ಎತ್ತಿದರೆ ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಿಂತು ಮಾಡುತ್ತಿದ್ದ ಕೆಲಸವನ್ನು ಸ್ಟೂಲಿನ ಮೇಲೆ ಕೂತು ಮಾಡತೊಡಗಿದಳು. ಅವನು ಇದನ್ನೆಲ್ಲ ನೋಡಿದ. ಆದರೆ ಅವಳು ಒಂಬತ್ತಕ್ಕೆ ಸರಿಯಾಗಿ ಬರುತ್ತಿದ್ದಳು, ಪುಡಿ ಹೇಳಿದ ದಿನಕ್ಕೆ ಕೈಗೆ ಸಿಗುತ್ತಿತ್ತು. ಕೆಲಸ ಕಮ್ಮಿಯಾಗಿಲ್ಲ, ಅಂದಮೇಲೆ ಚೆನ್ನಾಗೇ ಇದ್ದಾಳೆ ಅಂದುಕೊಂಡ.

ಒಂದು ಪರೀಕ್ಷೆ ಮುಗಿದಾಗ ಅವಳು ಹೇಳಿದಳು, "ಮಾರಾಯ, ಆ ಕ್ಷಾರ ಚೆಲ್ಲಬೇಡ. ಅದರಲ್ಲಿ ಕಬ್ಬಿಣ ಎಷ್ಟು ಕರಗಿಹೋಗಿದೆ ಅಂತ ಒಂದು ಸಲ ನೋಡು."

"ಗೆರೆ ನೋಡಲ್ಲಿ, ದಾರ ಎಳೆದು ಕಟ್ಟಿದ ಹಾಗಿದೆ. ಏನು ಹೋಗಿರುತ್ತೆ?"

"ನಿನಗೆ ಆ ಗೆರೆ ಒಂದಿದ್ದರೆ ಸಾಕು. ಊಟಕ್ಕೂ ಅದನ್ನೇ ಬಡಿಸಿಕೋ" ಅಂತ ನಕ್ಕಳು. ನಗುತ್ತಲೇ ಬೆಂಚು ಹಿಡಿದುಕೊಂಡಳು. ಅವನು ಕ್ಷಾರ ಚೆಲ್ಲಿ, ಬೀಕರ್ ತೊಳೆದಿಟ್ಟ.

ಮುಂದಿನ ಪರೀಕ್ಷೆ ಶುರುವಾದ ಎರಡನೇ ದಿನ ಅವಳು ಬರಲಿಲ್ಲ. ನಾಲ್ಕನೇ ದಿನ ಸುದ್ದಿ ಬಂತು, ಆಸ್ಪತ್ರೆಯಲ್ಲಿ ತೀರಿಹೋದಳಂತೆ. ಅವನು ಮಣ್ಣಿಗೆ ಹೋಗಿ ಬಂದ. ಯಂತ್ರ ಓಡುತ್ತಲೇ ಇತ್ತು. ನೂರು ಗಂಟೆ ತುಂಬಿತು. ಗೆರೆ ನೇರವಾಗಿತ್ತು.

ಅಭ್ಯಾಸಬಲದಿಂದ ಬೀಕರ್ ಹಿಡಿದು ಸಿಂಕಿನವರೆಗೆ ಹೋದ. ಚೆಲ್ಲೋಕೆ ಕೈ ಬರಲಿಲ್ಲ. ಆ ನೀರನ್ನು ತಪಾಸಣೆಗೆ ಕಳಿಸಿದ. ಹಾಕಿದ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನಲ್ಲಿತ್ತು. ಉಳಿದಿದ್ದಷ್ಟೇ ಇಡೀ ಭಾರ ಹೊತ್ತು, ಗೆರೆ ಬಗ್ಗದ ಹಾಗೆ ನೋಡಿಕೊಂಡಿತ್ತು. ಪುಡಿ ಮೆತ್ತಿದ್ದ ಅದೇ ಎಲೆಕ್ಟ್ರೋಡನ್ನು ಹೊಸ ಕ್ಷಾರದಲ್ಲಿ ಇಳಿಸಿ ನೋಡಿದ. ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಗೆರೆ ಕುಸಿದುಬಿತ್ತು.

ವಾರ ಕಳೆದು ಅವಳ ತಂಗಿ ಬಂದಳು, ಅಕ್ಕನ ಸಾಮಾನು ತಗೊಂಡು ಹೋಗೋಕೆ. ಡ್ರಾಯರಿನಲ್ಲಿ ಫಿಲ್ಟರ್ ಪೇಪರಿನ ಕೆಳಗೆ ಖಾಲಿಯಾದ ಮಾತ್ರೆ ಹಾಳೆಗಳಿದ್ದವು, ಎರಡು ವರ್ಷದವು. ತಂಗಿ ಅವನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು.

"ಇಷ್ಟು ವರ್ಷ ಜೊತೇಲಿದ್ದೋರು. ನಿಮಗಾದರೂ ಹೇಳಿರ್ತಾಳೆ ಅಂತ ನಾವು ಸಮಾಧಾನದಲ್ಲಿದ್ವಿ, ಸರ್."

ಅವನು ಹೂಂ ಅಂದ.

ಇಲ್ಲಿಗೆ ಮೇಷ್ಟ್ರು ನಿಲ್ಲಿಸಿದರು. ನಾಗವೇಣಿ ಬೀಕರಿನ ಕಡೆ ನೋಡಲಿಲ್ಲ, ಪ್ರಬಂಧದ ಮಾತೂ ಎತ್ತಲಿಲ್ಲ. "ಅವರಿಗೆ ಏನಾಗಿತ್ತು ಸರ್?" ಅಂದಳು.

"ನೀನೀಗ ಕೇಳಿದೆಯಲ್ಲಮ್ಮ, ಅಷ್ಟನ್ನ ಅವನು ಕೇಳಲಿಲ್ಲ."